ಚಕ್ಕುಬಂದಿಯಲ್ಲಿ ಒಂದು ಹೊಳೆ

ನನ್ನ ಅಪ್ಪ ತೀರ್ಥಹಳ್ಳಿಯಲ್ಲಿ ಪತ್ರಬರಹಗಾರರಾಗಿದ್ದರು. ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರಿನ ಮಾಡಿನ ಕೆಳಗೆ ಒಂದು ಮೇಜು, ಕಕ್ಷಿದಾರರು ಕೂರಲು ಒಂದು ಬೆಂಚು, ಛಾಪಾ ಕಾಗದದ ಕಟ್ಟು, ಹೆಬ್ಬೆಟ್ಟಿಗೆ ಶಾಯಿಯ ಪ್ಯಾಡು, ಇಷ್ಟೇ ಅವರ ಕಚೇರಿ. ಕ್ರಯಪತ್ರವನ್ನಾಗಲಿ ವಿಭಾಗಪತ್ರವನ್ನಾಗಲಿ ಅವರು ಸರಾಗವಾಗಿ ಬರೆದುಕೊಂಡು ಹೋಗುತ್ತಿದ್ದರು. ಕೊನೆಯಲ್ಲಿ ಚಕ್ಕುಬಂದಿಯ ನಾಲ್ಕು ಸಾಲುಗಳು ಬಂದಾಗ ಮಾತ್ರ ಕೈ ನಿಧಾನವಾಗುತ್ತಿತ್ತು. ಪೂರ್ವಕ್ಕೆ ಇಂಥವರ ತೋಟ, ಪಶ್ಚಿಮಕ್ಕೆ ಸರ್ಕಾರಿ ರಸ್ತೆ, ಉತ್ತರಕ್ಕೆ ದರೆ ಎಂದು ಬರೆದು ದಕ್ಷಿಣಕ್ಕೆ ತುಂಗಾ ಹೊಳೆ ಎಂದು ಬರೆಯಬೇಕಾಗಿ ಬಂದರೆ ಪೆನ್ನನ್ನು ಕೆಳಗಿಟ್ಟು ಕಕ್ಷಿದಾರರನ್ನು ಇನ್ನೊಮ್ಮೆ ವಿಚಾರಿಸುತ್ತಿದ್ದರು. ಹೊಳೆ ನಿಂತಲ್ಲಿ ನಿಲ್ಲುವ ಸಾಕ್ಷಿಯಲ್ಲ ಎಂಬುದು ಅವರ ಅನುಭವದ ಮಾತು.

ಅಪ್ಪನ ಈ ಮಾತು ನನಗೆ ಪದೇ ಪದೇ ನೆನಪಾಗುವುದು ಅಮೆರಿಕದ ಇಂಡಿಯಾನಾ ರಾಜ್ಯದ ದಕ್ಷಿಣದ ಅಂಚಿನಲ್ಲಿ, ಒಹಾಯೋ ನದಿಯ ದಂಡೆಯ ಮೇಲಿರುವ ಮ್ಯಾಡಿಸನ್ ಎಂಬ ಸಣ್ಣ ಊರಿಗೆ ಹೋದಾಗಲೆಲ್ಲ. ನಾವಿರುವುದು ಅಲ್ಲಿಂದ ಸುಮಾರು 45 ಮೈಲಿ ದೂರದ ಕೊಲಂಬಸ್ಸಿನಲ್ಲಿ. ಎಂಜಿನ್ ತಯಾರಿಸುವ ದೊಡ್ಡ ಕಂಪನಿಯೊಂದರ ಕೇಂದ್ರ ಕಚೇರಿ ಇಲ್ಲಿರುವುದರಿಂದ ಕನ್ನಡ ಮಾತಾಡುವವರೂ ಸೇರಿದಂತೆ ಭಾರತದ ಎಂಜಿನಿಯರ್ ಕುಟುಂಬಗಳು ಈ ಊರಿಗೆ ಹೊಸತಲ್ಲ; ನನ್ನ ಗಂಡನ ಕೆಲಸದ ಬೆನ್ನಿಗೆ ನಾನೂ ಹಾಗೆಯೇ ಬಂದವಳು. ಬಂದ ಮೊದಲ ವರ್ಷ, ಕಣ್ಣು ಹಾಯಿಸಿದಷ್ಟೂ ಸಪಾಟಾದ ಜೋಳದ ಹೊಲಗಳನ್ನು ನೋಡಿ ಬೇಸತ್ತು, ಎಲ್ಲಾದರೂ ಒಂದು ಗುಡ್ಡ, ಒಂದು ಹೊಳೆ ಇದೆಯೇ ಎಂದು ಹುಡುಕುತ್ತಾ ರಾಜ್ಯ ಹೆದ್ದಾರಿ 7 ಹಿಡಿದು ಹೊರಟಾಗ ಸಿಕ್ಕಿದ್ದು ಮ್ಯಾಡಿಸನ್.

ದಾರಿಯಲ್ಲಿ ವರ್ನನ್ ಎಂಬ ಊರು ಬರುತ್ತದೆ. ಕೆಲವೇ ನೂರು ಜನ, ಒಂದು ಚೌಕ, ಚೌಕದಲ್ಲಿ ಒಂದು ನ್ಯಾಯಾಲಯ. ಪಕ್ಕದಲ್ಲೇ ರೈಲುಮಾರ್ಗಗಳು ಕೂಡಿದಲ್ಲಿ ಬೆಳೆದ ನಾರ್ತ್ ವರ್ನನ್ ಇದರ ಹತ್ತಾರು ಪಟ್ಟು ದೊಡ್ಡದು. ಆದರೂ ಜೆನಿಂಗ್ಸ್ ಕೌಂಟಿಯ ಕೇಂದ್ರ ಇಂದಿಗೂ ಈ ಪುಟ್ಟ ವರ್ನನ್ನೇ. ಕೌಂಟಿ ಎಂದರೆ ನಮ್ಮ ಲೆಕ್ಕದಲ್ಲಿ ಜಿಲ್ಲೆಗಿಂತ ಕಿರಿದು, ಕೆಲಸದಲ್ಲಿ ಹೆಚ್ಚುಕಡಿಮೆ ತಾಲ್ಲೂಕು. ಅದರ ಕೇಂದ್ರದಲ್ಲಿ ನ್ಯಾಯಾಧೀಶರು, ಶೆರಿಫ್, ತೆರಿಗೆ ಕಟ್ಟಿಸಿಕೊಳ್ಳುವವರು, ಮದುವೆಯ ಪರವಾನಗಿ ಕೊಡುವ ಗುಮಾಸ್ತರು, ಆಸ್ತಿಪತ್ರಗಳನ್ನು ದಾಖಲಿಸುವ ರೆಕಾರ್ಡರ್ ಎಲ್ಲರೂ ಇರುತ್ತಾರೆ. ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಬೆಳೆದ ನನಗೆ ಇಂಥ ಊರಿನ ಸ್ವಭಾವ ಬೇಗ ಅರ್ಥವಾಗುತ್ತದೆ. ಜನ ಇಲ್ಲಿಗೆ ಸಂತೋಷಕ್ಕೆ ಬರುವುದಕ್ಕಿಂತ ಕಾಗದಕ್ಕೆ ಬರುವುದು ಹೆಚ್ಚು.

ವರ್ನನ್ ದಾಟಿ ಇನ್ನರ್ಧ ಗಂಟೆ ಹೋದರೆ ಸಪಾಟು ನೆಲ ಇದ್ದಕ್ಕಿದ್ದಂತೆ ಮುಗಿದುಹೋಗುತ್ತದೆ. ರಸ್ತೆ ಸುಣ್ಣದ ಕಲ್ಲಿನ ಬಂಡೆಗಳ ನಡುವೆ ತಿರುಗುತ್ತಾ ಸುಮಾರು 400 ಅಡಿ ಕೆಳಗಿಳಿದು, ಗುಡ್ಡಕ್ಕೂ ಹೊಳೆಗೂ ನಡುವಿನ ಕಿರಿದಾದ ಪಟ್ಟಿಯಲ್ಲಿ ಹೆಂಚುಗೆಂಪು ಇಟ್ಟಿಗೆಯ ಮನೆಗಳ ಸಾಲಿನೊಳಗೆ ನಮ್ಮನ್ನು ತಂದು ಬಿಡುತ್ತದೆ. ಕಳೆದ ವರ್ಷ ಅಮ್ಮನನ್ನು ಕರೆದುಕೊಂಡು ಹೋಗಿದ್ದಾಗ ಅವರು ಕಾರಿನ ಹಿಡಿಕೆಯನ್ನು ಬಿಗಿಯಾಗಿ ಹಿಡಿದು, "ಇದೇನೇ, ಆಗುಂಬೆ ಘಾಟಿ ಇಳಿದ ಹಂಗಾಯ್ತಲ್ಲ" ಎಂದರು. ಆಗುಂಬೆಯ ಎತ್ತರದ ಎದುರು ಇದು ಮಗುವೇ. ಆದರೂ ಅಮೆರಿಕಕ್ಕೆ ಬಂದ ಎರಡು ತಿಂಗಳಲ್ಲಿ ಅವರು ಹೋಲಿಕೆಗೆಂದು ಊರಿನ ಹೆಸರೊಂದನ್ನು ಎತ್ತಿದ್ದು ಅದೇ ಮೊದಲು.

ಈ ಊರಿನ ಮೂಲಪತ್ರ ಎಲ್ಲಿಂದ ಶುರುವಾಗುತ್ತದೆ ಎಂದು ಅಪ್ಪ ಕೇಳುತ್ತಿದ್ದರೇನೋ. 1805ರಲ್ಲಿ ಗ್ರೌಸ್‌ಲ್ಯಾಂಡ್ ಎಂಬಲ್ಲಿ ಆದ ಒಪ್ಪಂದದಲ್ಲಿ ಡೆಲವೇರ್, ಮಯಾಮಿ, ಪೊಟವಾಟಮಿ ಮುಂತಾದ ಮೂಲನಿವಾಸಿಗಳಿಂದ ಅಮೆರಿಕದ ಸರ್ಕಾರ ಈ ಭಾಗದ ನೆಲವನ್ನು ಬರೆಸಿಕೊಂಡಿತು. ಬರೆಸಿಕೊಳ್ಳುವುದು ಎಂಬ ಮಾತಿಗೆ ನಮ್ಮ ಕಡೆ ಇರುವ ಎಲ್ಲ ಅರ್ಥಗಳೂ ಆ ಒಪ್ಪಂದಕ್ಕೆ ಹೊಂದುತ್ತವೆ. ಹಾಗೆ ಸಿಕ್ಕಿದ ನೆಲವನ್ನು ಅಳೆದು ಸರ್ಕಾರ ಮಾರಾಟಕ್ಕಿಟ್ಟಾಗ ಜಾನ್ ಪಾಲ್ ಎಂಬವರು ಹೊಳೆಯಂಚಿನ ಜಾಗವನ್ನು ಕೊಂಡು 1809ರಲ್ಲಿ ಊರು ಹಾಕಿದರು. ಆಗ ಅಧ್ಯಕ್ಷರಾಗಿದ್ದ ಜೇಮ್ಸ್ ಮ್ಯಾಡಿಸನ್ನರ ಹೆಸರು ಊರಿಗಾಯಿತು. ಹಿಂದಿನ ಅಧ್ಯಕ್ಷ ಜೆಫರ್ಸನ್ನರ ಹೆಸರಿನಲ್ಲಿ 1811ರಲ್ಲಿ ಕೌಂಟಿ ರಚನೆಯಾದಾಗ ಮ್ಯಾಡಿಸನ್ ಅದರ ಕೇಂದ್ರವಾಯಿತು. ಇಂಡಿಯಾನಾ ರಾಜ್ಯವಾಗುವುದಕ್ಕೆ ಇನ್ನೂ ಐದು ವರ್ಷವಿತ್ತು.

ಅಳತೆಯ ವಿಷಯ ಬಂದದ್ದರಿಂದ ಇನ್ನೊಂದು ಮಾತು ಹೇಳಲೇಬೇಕು, ಇದು ಪತ್ರಬರಹಗಾರರ ಮಗಳಿಗೆ ಮಾತ್ರ ರುಚಿಸುವ ಸಂಗತಿಯೇನೋ. ಹೊಳೆಯ ಈಚೆ ದಡದ ಇಂಡಿಯಾನಾದಲ್ಲಿ ಸರ್ಕಾರ ನೆಲವನ್ನು ಮೊದಲೇ ಚೌಕ ಚೌಕವಾಗಿ ಅಳೆದು, ಪ್ರತಿ ಚೌಕಕ್ಕೂ ಸಂಖ್ಯೆ ಕೊಟ್ಟು, ಆಮೇಲೆ ಮಾರಿತು. ಆಚೆ ದಡದ ಕೆಂಟಕಿ ಹಳೆಯ ವರ್ಜೀನಿಯಾದ ಪದ್ಧತಿಯನ್ನೇ ಉಳಿಸಿಕೊಂಡಿತ್ತು: ಈ ಓಕ್ ಮರದಿಂದ ಆ ಬಂಡೆಯವರೆಗೆ, ಬಂಡೆಯಿಂದ ಹಳ್ಳದ ತಿರುವಿನವರೆಗೆ. ಅಪ್ಪ ಬರೆಯುತ್ತಿದ್ದ ಚಕ್ಕುಬಂದಿಯ ದಾಯಾದಿಯೇ ಇದು. ಮರ ಬೀಳುತ್ತದೆ, ಬಂಡೆ ಜಾರುತ್ತದೆ, ಹಳ್ಳ ಪಾತ್ರ ಬದಲಿಸುತ್ತದೆ; ಒಂದೇ ನೆಲಕ್ಕೆ ಮೂವರು ಪತ್ರ ಹಿಡಿದು ನ್ಯಾಯಾಲಯಕ್ಕೆ ಬರುತ್ತಾರೆ. ಹೀಗೆ ಕೆಂಟಕಿಯಲ್ಲಿ ಜಮೀನಿನ ತಕರಾರುಗಳಿಂದ ಬೇಸತ್ತು 1816ರಲ್ಲಿ ಹೊಳೆ ದಾಟಿ ಇಂಡಿಯಾನಾಕ್ಕೆ ಬಂದ ಸಂಸಾರಗಳಲ್ಲಿ ಥಾಮಸ್ ಲಿಂಕನ್ ಎಂಬ ಬಡಗಿಯದೂ ಒಂದು. ಅವರು ನೆಲೆಸಿದ್ದು ಮ್ಯಾಡಿಸನ್ನಿನಲ್ಲಲ್ಲ, ಹೊಳೆಯಗುಂಟ ಇನ್ನೂ ಪಶ್ಚಿಮಕ್ಕೆ. ಜೊತೆಗಿದ್ದ ಏಳು ವರ್ಷದ ಹುಡುಗ ಅಬ್ರಹಾಂ ಮುಂದೆ ತಾನೇ ಬರೆದುಕೊಂಡಂತೆ, ಊರು ಬಿಡಲು ಗುಲಾಮಗಿರಿ ಒಂದು ಕಾರಣವಾದರೆ ಅದಕ್ಕಿಂತ ದೊಡ್ಡ ಕಾರಣ ಜಮೀನಿನ ಹಕ್ಕುಪತ್ರಗಳ ಗೋಜಲು.

ಮ್ಯಾಡಿಸನ್ನಿನ ಒಳ್ಳೆಯ ಕಾಲ ಶುರುವಾದದ್ದು ಹೊಳೆಯಿಂದ. ಉಗಿದೋಣಿಗಳು ಬಂದ ಮೇಲೆ ಸರಕು ಇಲ್ಲಿ ಇಳಿದು ಒಳನಾಡಿಗೆ ಹೋಗುತ್ತಿತ್ತು, ಒಳನಾಡಿನ ಬೆಳೆ ಇಲ್ಲಿ ದೋಣಿಯೇರಿ ನ್ಯೂ ಆರ್ಲಿಯನ್ಸಿನವರೆಗೆ ತೇಲುತ್ತಿತ್ತು. ಇಲ್ಲಿಂದ ರಾಜ್ಯದ ರಾಜಧಾನಿ ಇಂಡಿಯಾನಾಪೊಲಿಸ್ ಮೂಲಕ ಉತ್ತರದ ಮಿಷಿಗನ್ ಸರೋವರದವರೆಗೆ 1830ರ ದಶಕದಲ್ಲಿ ಹಾಕಿದ ಮಿಷಿಗನ್ ರಸ್ತೆಯೂ ಪೊಟವಾಟಮಿಗಳಿಂದ 1826ರ ಒಪ್ಪಂದದಲ್ಲಿ ಪಡೆದ ನೆಲದ ಬಲದ ಮೇಲೆಯೇ ಆದದ್ದು. ಚಳಿಗಾಲ ಬಂತೆಂದರೆ ರೈತರು ಹಂದಿಗಳ ಹಿಂಡನ್ನು ಹೊಡೆದುಕೊಂಡು ಊರಿಗಿಳಿಯುತ್ತಿದ್ದರು. ಕೊಯ್ದು, ಉಪ್ಪು ಹಾಕಿ, ಪೀಪಾಯಿಗಳಲ್ಲಿ ತುಂಬಿ ದೋಣಿಗೇರಿಸುವ ಕೆಲಸದಲ್ಲಿ ಮ್ಯಾಡಿಸನ್ ಮೇಲ್ಹೊಳೆಯ ಸಿನ್ಸಿನಾಟಿಯೊಂದಿಗೆ ಪೈಪೋಟಿಗಿಳಿದಿತ್ತು. 1851ರಲ್ಲಿ ಸ್ವೀಡನ್ನಿನ ವಿಖ್ಯಾತ ಗಾಯಕಿ ಜೆನ್ನಿ ಲಿಂಡ್ ಇಲ್ಲಿ ಹಾಡಿದಾಗ ಕಛೇರಿ ನಡೆದದ್ದು ಇಂಥದ್ದೊಂದು ಹಂದಿಮಾಂಸದ ಗೋದಾಮಿನಲ್ಲಿ. ಅಷ್ಟು ಜನರನ್ನು ಕೂರಿಸಲು ಊರಿನಲ್ಲಿ ಬೇರೆ ಕಟ್ಟಡವಿರಲಿಲ್ಲವೆಂದರೆ ಊರು ದುಡಿದದ್ದು ಹೇಗೆ, ಮೆರೆಯಲು ಹೊರಟದ್ದು ಹೇಗೆ ಎಂಬುದೆರಡೂ ಒಟ್ಟಿಗೆ ತಿಳಿಯುತ್ತದೆ.

ಹೊಳೆಯ ಜೊತೆಗೆ ರೈಲು. ಇಂಡಿಯಾನಾದ ಮೊದಲ ರೈಲುಮಾರ್ಗ ಇಲ್ಲಿಂದಲೇ ಹೊರಟಿತು. 1836ರಲ್ಲಿ ಸರ್ಕಾರ ಕೆಲಸ ಆರಂಭಿಸಿತು, 1838ರಲ್ಲಿ ಗುಡ್ಡದ ಮೇಲಿನ ಮೊದಲ ಭಾಗದಲ್ಲಿ ಗಾಡಿ ಓಡಿತು, ಅಷ್ಟರಲ್ಲಿ ದೇಶದ ಹಣಕಾಸು ಕುಸಿದು ರಾಜ್ಯ ದಿವಾಳಿಯ ಅಂಚಿಗೆ ಬಂದು ಮಾರ್ಗ ಖಾಸಗಿ ಕಂಪನಿಯ ಕೈಗೆ ಹೋಯಿತು. ನಾನಿರುವ ಕೊಲಂಬಸ್ಸಿಗೆ ಅದು ತಲುಪಿದ್ದು 1844ರಲ್ಲಿ, ಇಂಡಿಯಾನಾಪೊಲಿಸ್ಸಿಗೆ 1847ರಲ್ಲಿ. ಆದರೆ ಇಡೀ ಮಾರ್ಗದ ಕಷ್ಟವೆಲ್ಲ ಇದ್ದದ್ದು ಮ್ಯಾಡಿಸನ್ನಿನ ಹಿತ್ತಿಲಲ್ಲೇ. ಹೊಳೆಯ ದಡದಿಂದ ಗುಡ್ಡದ ತಲೆಗೆ ಹಳಿ ಹತ್ತಿಸಲು ಕೂಲಿಗಳು, ಅವರಲ್ಲಿ ಬಹಳ ಮಂದಿ ಐರ್ಲೆಂಡಿನಿಂದ ಬಂದವರು, ಸುಣ್ಣದ ಕಲ್ಲನ್ನು ಸಿಡಿಸಿ, ಕಡಿದು, ಹೊತ್ತು 1841ರ ಹೊತ್ತಿಗೆ ಒಂದು ಕಣಿವೆಯನ್ನೇ ತೆರೆದರು. 7,012 ಅಡಿ ಉದ್ದದಲ್ಲಿ 413 ಅಡಿ ಏರು, ಅಂದರೆ ನೂರಕ್ಕೆ ಸುಮಾರು ಆರು ಅಡಿ; ಅಮೆರಿಕದಲ್ಲಿ ಇಷ್ಟು ಕಡಿದಾದ ಮುಖ್ಯ ರೈಲುಮಾರ್ಗ ಬೇರೊಂದಿಲ್ಲವೆಂದು ಹೇಳುತ್ತಾರೆ. ಮೊದಲು ಕುದುರೆಗಳು ಡಬ್ಬಿಗಳನ್ನು ಮೇಲಕ್ಕೆ ಎಳೆಯುತ್ತಿದ್ದವು, ಕೆಳಗಿಳಿಯಲು ಬರೀ ಬ್ರೇಕು ಮತ್ತು ದೇವರ ದಯೆ. ಆಮೇಲೆ ಹಲ್ಲುಗಾಲಿಯ ಎಂಜಿನ್ನುಗಳು ಬಂದವು, 1868ರಲ್ಲಿ ಈ ಏರಿಗೆಂದೇ ಮಾಡಿದ ರೂಬೆನ್ ವೆಲ್ಸ್ ಎಂಬ 55 ಟನ್ನಿನ ಎಂಜಿನ್ ಬಂತು. ಅದೀಗ ಇಂಡಿಯಾನಾಪೊಲಿಸ್ಸಿನ ಮಕ್ಕಳ ವಸ್ತುಸಂಗ್ರಹಾಲಯದಲ್ಲಿದೆ. ನನ್ನ ಮಗ ಅದನ್ನು ಹತ್ತಿ ಇಳಿಯುವ ಆಟದ ಸಾಮಾನೆಂದೇ ಭಾವಿಸಿದ್ದಾನೆ.

ಆ ಕಣಿವೆಯ ಪಕ್ಕದ ಕಾಲುದಾರಿಯಲ್ಲಿ ಹತ್ತುವಾಗ ನನಗೆ ಅನ್ನಿಸುವುದಿಷ್ಟು: ಇಷ್ಟು ಶ್ರಮಪಟ್ಟು ಹಾಕಿದ ದಾರಿಯೇ ಊರನ್ನು ಸೋಲಿಸಿತು. 1850ರ ದಶಕದಲ್ಲಿ ಕೆಳಹೊಳೆಯ ಜೆಫರ್ಸನ್‌ವಿಲ್ಲಿನಿಂದ ಇನ್ನೊಂದು ಮಾರ್ಗ ಸಲೀಸಾದ ನೆಲದ ಮೇಲೆ ಉತ್ತರಕ್ಕೆ ಬಂತು. ಗುಡ್ಡ ಹತ್ತಬೇಕಾಗಿಲ್ಲದ ಹಾದಿ ಸಿಕ್ಕಿದ ಮೇಲೆ ಗುಡ್ಡ ಹತ್ತುವವರು ಯಾರು? ಹಂದಿಗಳೂ ಗೋಧಿಯೂ ಬೇರೆ ದಾರಿ ಹಿಡಿದವು. 1850ರ ಜನಗಣತಿಯಲ್ಲಿ ಇಂಡಿಯಾನಾಪೊಲಿಸ್ಸಿನ ಜನಸಂಖ್ಯೆ 8,091, ಮ್ಯಾಡಿಸನ್ನಿನದು 8,012, ಅಂದರೆ ತಲೆಗೆ ತಲೆ ಸಮ. ಈಗ ಅಲ್ಲಿ ಒಂಬತ್ತು ಲಕ್ಷದ ಹತ್ತಿರ, ಇಲ್ಲಿ ಹನ್ನೆರಡು ಸಾವಿರ ಚಿಲ್ಲರೆ.

ಪ್ರವಾಸಿಗರು ಬಂದು ನೋಡುವುದು ಈ ಸೋಲಿನ ಹಿಂದಿನ ಕ್ಷಣವನ್ನು. ಒಂದಕ್ಕೊಂದು ಅಂಟಿಕೊಂಡ ಇಟ್ಟಿಗೆಯ ಮನೆಗಳು, ಎರಕದ ಕಬ್ಬಿಣದ ಬೇಲಿಗಳು, ಕಲ್ಲಿನ ಮೆಟ್ಟಿಲುಗಳು, 1876ರ ಫಿಲಡೆಲ್ಫಿಯಾ ಪ್ರದರ್ಶನದಿಂದ ಬಂದ ಕಾರಂಜಿ. ಊರಿನ 133 ಬ್ಲಾಕುಗಳು ಸಂರಕ್ಷಿತ ಪ್ರದೇಶ. 2006ರಲ್ಲಿ ಇದು ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತೆಂದು ಘೋಷಿತವಾಯಿತು. ಹಳೆಯದನ್ನು ಉಳಿಸಿಕೊಂಡ ಊರೆಂದು ಎಲ್ಲರೂ ಹೊಗಳುತ್ತಾರೆ. ಅದರಲ್ಲಿ ಸ್ವಲ್ಪ ಸುಳ್ಳಿದೆ ಎಂದು ನನ್ನ ಅಭಿಪ್ರಾಯ. ಕೈಯಲ್ಲಿ ಹಣವಿದ್ದಿದ್ದರೆ ಈ ಮನೆಗಳನ್ನು ಕೆಡವಿ ಹೊಸದು ಕಟ್ಟುತ್ತಿದ್ದರು, ಇಂಡಿಯಾನಾಪೊಲಿಸ್ ಮಾಡಿದ್ದೂ ಅದನ್ನೇ. ನೂರು ವರ್ಷ ಕೆಡವಲು ಗತಿಯಿಲ್ಲದೆ ಉಳಿದದ್ದನ್ನು ಆಮೇಲೆ ಕೆಲವರು ಕಣ್ಣರಳಿಸಿ ನೋಡಿದರು. ಹೊಗಳಿಕೆ ಸಲ್ಲಬೇಕಾದದ್ದು ಆ ಕೆಲವರಿಗೆ, 1948ರಲ್ಲಿ ಶ್ರೂಸ್‌ಬರಿ ಎಂಬ ದೋಣಿ ನಾಯಕನ ಹಳೆಯ ಮನೆಯನ್ನು ಕೊಂಡ ವಿಂಡ್ಲ್ ದಂಪತಿಗಳಂಥವರಿಗೆ. 1960ರಲ್ಲಿ ಹಿಸ್ಟಾರಿಕ್ ಮ್ಯಾಡಿಸನ್ ಎಂಬ ಸಂಸ್ಥೆಯನ್ನು ಕಟ್ಟಿದವರಲ್ಲಿ ಜಾನ್ ವಿಂಡ್ಲ್ ಮುಖ್ಯರು. ಆ ಮನೆಯಲ್ಲಿ ಯಾವ ಕಂಬದ ಆಸರೆಯೂ ಇಲ್ಲದೆ ಸುರುಳಿಯಾಗಿ ಮೇಲೇರುವ ಮೆಟ್ಟಿಲುಗಳನ್ನು ನೋಡಿದರೆ ಅದನ್ನು ಕಟ್ಟಿದ ಫ್ರಾನ್ಸಿಸ್ ಕೋಸ್ಟಿಗನ್ನನ ಕೈಚಳಕದ ಬಗ್ಗೆ ಬೇರೆ ಹೇಳಬೇಕಾಗಿಲ್ಲ.

ಕೋಸ್ಟಿಗನ್ ಕಟ್ಟಿದ ಇನ್ನೊಂದು ಮನೆ, ಊರಿನ ಎಲ್ಲ ಚಿತ್ರಗಳಲ್ಲೂ ಇರುವ ಮನೆ, ಬ್ಯಾಂಕಿನ ಜೇಮ್ಸ್ ಲೇನಿಯರ್ ಅವರದು. 1844ರದು, ಹೊಳೆಯ ಕಡೆಗೆ ಮುಖ ಮಾಡಿದ ನಾಲ್ಕು ಎತ್ತರದ ಕಂಬಗಳು, ಮುಂದೆ ಇಳಿಜಾರಿನ ಹುಲ್ಲುಹಾಸು. ಅಂತರ್ಯುದ್ಧದ ಕಾಲದಲ್ಲಿ ಸೈನಿಕರನ್ನು ಸಜ್ಜುಗೊಳಿಸಲೂ ಸಾಲದ ಬಡ್ಡಿ ಕಟ್ಟಲೂ ಇಂಡಿಯಾನಾ ಸರ್ಕಾರದ ಬಳಿ ಹಣವಿಲ್ಲದಿದ್ದಾಗ ಲೇನಿಯರ್ ಎರಡು ಕಂತಿನಲ್ಲಿ ಹತ್ತು ಲಕ್ಷ ಡಾಲರಿಗೂ ಹೆಚ್ಚು ಸಾಲ ಕೊಟ್ಟರು, ಅದೂ ಮರಳಿ ಬರುವ ಖಾತ್ರಿಯಿಲ್ಲದೆ. ದೊಡ್ಡ ಮಾತೇ. ಆದರೆ ಆ ಹೊತ್ತಿಗೆ ಅವರು ಮ್ಯಾಡಿಸನ್ ಬಿಟ್ಟು ನ್ಯೂಯಾರ್ಕ್ ಸೇರಿ ಹತ್ತು ವರ್ಷದ ಮೇಲಾಗಿತ್ತು ಎಂಬುದನ್ನು ಮರೆಯಲಾಗದು. ಹಣಕ್ಕೆ ಮೊದಲೇ ವಾಸನೆ ಹತ್ತಿತ್ತು.

ಲೇನಿಯರ್ ಮನೆಯಿಂದ ಪೂರ್ವಕ್ಕೆ ಹತ್ತು ಹದಿನೈದು ನಿಮಿಷ ನಡೆದರೆ ವಾಲ್ನಟ್ ಬೀದಿ, ಹಿಂದೆ ಜಾರ್ಜ್‌ಟೌನ್ ಎನ್ನಿಸಿಕೊಂಡ ಕೇರಿ. ಇಲ್ಲಿ ಕಂಬಗಳಿಲ್ಲ, ಸಣ್ಣ ಮನೆಗಳು, ಒಂದು ಹಳೆಯ ಚರ್ಚು. ನಾನು ಪ್ರತಿ ಸಲವೂ ಕಾರು ನಿಲ್ಲಿಸುವುದು ಇಲ್ಲೇ. ಸ್ವತಂತ್ರರಾದ ಕಪ್ಪು ಜನ ವಾಸವಾಗಿದ್ದ ಕೇರಿ ಇದು. ಎದುರಿನ ಕೆಂಟಕಿಯಲ್ಲಿ ಮನುಷ್ಯರನ್ನು ಕ್ರಯಪತ್ರದಲ್ಲಿ ಬರೆದು ಮಾರುವುದು ಕಾನೂನುಬದ್ಧ, ಇಂಡಿಯಾನಾದಲ್ಲಿ ಗುಲಾಮಗಿರಿಗೆ ನಿಷೇಧ, ನಡುವೆ ಹೊಳೆ. ರಾತ್ರಿ ದೋಣಿಯಲ್ಲಿ ದಾಟಿ ಬಂದವರನ್ನು ಬಚ್ಚಿಟ್ಟು, ಉತ್ತರದ ಮುಂದಿನ ಮನೆಗೆ, ಅಲ್ಲಿಂದ ಮುಂದಕ್ಕೆ, ಕೊನೆಗೆ ಕೆನಡಾಕ್ಕೆ ದಾಟಿಸುವ ಗುಪ್ತ ಜಾಲದ ದೊಡ್ಡ ಕೊಂಡಿ ಈ ಕೇರಿ. ಕ್ಷೌರಿಕ ಜಾರ್ಜ್ ಡಿಬ್ಯಾಪ್ಟಿಸ್ಟ್, ಕಮ್ಮಾರ ಎಲೈಜಾ ಆ್ಯಂಡರ್ಸನ್, ಊರಾಚೆಯ ಈಗಲ್ ಹಾಲೋ ಎಂಬ ಕಣಿವೆಯ ಚಾಪ್ಮನ್ ಹ್ಯಾರಿಸ್ ಅದನ್ನು ನಡೆಸಿದವರಲ್ಲಿ ಪ್ರಮುಖರು. ದೋಣಿ ಬರುವ ಹೊತ್ತಿಗೆ ಹ್ಯಾರಿಸ್ ಮರದ ಮೇಲಿನ ಕಬ್ಬಿಣದ ತಗಡನ್ನು ಸುತ್ತಿಗೆಯಿಂದ ಬಡಿದು ಸಂಜ್ಞೆ ಕೊಡುತ್ತಿದ್ದರೆಂದು ಊರಿನವರು ಹೇಳುತ್ತಾರೆ. ಆ್ಯಂಡರ್ಸನ್ ಕೆಂಟಕಿಯವರ ಕೈಗೆ ಸಿಕ್ಕಿ 1861ರಲ್ಲಿ ಅಲ್ಲಿನ ಫ್ರಾಂಕ್‌ಫರ್ಟ್ ಎಂಬ ಊರಿನ ಸೆರೆಮನೆಯಲ್ಲೇ ತೀರಿಕೊಂಡರು.

ಹೊಳೆಯ ಈಚೆ ದಡವೆಂದರೆ ಸ್ವರ್ಗವೆಂದು ತಿಳಿಯಬಾರದು, ಇಲ್ಲಿನ ಕಾಗದಗಳೇ ಅದಕ್ಕೆ ಸಾಕ್ಷಿ. ಇಂಡಿಯಾನಾಕ್ಕೆ ಬಂದು ನೆಲೆಸುವ ಪ್ರತಿ ಕಪ್ಪು ವ್ಯಕ್ತಿಯೂ 500 ಡಾಲರಿನ ಮುಚ್ಚಳಿಕೆ ಬರೆದುಕೊಡಬೇಕೆಂದು 1831ರ ಕಾನೂನು ಹೇಳುತ್ತಿತ್ತು. ಡಿಬ್ಯಾಪ್ಟಿಸ್ಟ್ ಬರೆದುಕೊಡಲಿಲ್ಲ. ಊರು ಬಿಡಿಸಲು ಹೊರಟಾಗ ನ್ಯಾಯಾಲಯದಲ್ಲಿ ಹೋರಾಡಿ ಊರಲ್ಲೇ ಉಳಿದರು. ಮುಂದೆ ಚುನಾವಣೆಯ ಪ್ರಯಾಣದಲ್ಲಿ ವಿಲಿಯಂ ಹೆನ್ರಿ ಹ್ಯಾರಿಸನ್ನರ ಜೊತೆಗಿದ್ದು, 1841ರಲ್ಲಿ ಅವರು ಅಧ್ಯಕ್ಷರಾದಾಗ ಶ್ವೇತಭವನದ ಉಗ್ರಾಣದ ಮೇಲ್ವಿಚಾರಕರಾದರು. ಹ್ಯಾರಿಸನ್ ಒಂದೇ ತಿಂಗಳಲ್ಲಿ ತೀರಿಕೊಂಡಾಗ ಮ್ಯಾಡಿಸನ್ನಿಗೆ ಮರಳಿ ಮತ್ತೆ ಕತ್ತರಿ ಹಿಡಿದರು. 1846ರಲ್ಲಿ ಬಿಳಿಯರ ಗುಂಪುಗಳು ಕೇರಿಯ ಮೇಲೆ ದಾಳಿ ಮಾಡಿದ ಕಾಲಕ್ಕೆ ಡೆಟ್ರಾಯಿಟ್‌ಗೆ ಹೋಗಿ ಅಲ್ಲಿಯೂ ಜನರನ್ನು ಗುಪ್ತವಾಗಿ ದಾಟಿಸುವ ಕೆಲಸವನ್ನು ಇನ್ನೂ ದೊಡ್ಡದಾಗಿ ನಡೆಸಿದರು. ಐದು ವರ್ಷ ಕಳೆಯುವಷ್ಟರಲ್ಲಿ, 1851ರ ಹೊಸ ರಾಜ್ಯ ಸಂವಿಧಾನ ಕಪ್ಪು ಜನ ಇಂಡಿಯಾನಾಕ್ಕೆ ಬರುವುದನ್ನೇ ನಿಷೇಧಿಸಿತು. ಮೊದಲೇ ಇದ್ದವರು ತಂತಮ್ಮ ಕೌಂಟಿಯ ಗುಮಾಸ್ತರ ಮುಂದೆ ಹಾಜರಾಗಿ ಹೆಸರು, ವಯಸ್ಸು, ಹುಟ್ಟಿದ ಊರು, ಮೈಯ ಚಹರೆಗಳನ್ನು ಸಾಕ್ಷಿ ಸಮೇತ ಬರೆಸಬೇಕಾಯಿತು.

ಆ ವಹಿಗಳ ವಿಷಯವನ್ನು ಮೊದಲು ಓದಿದ ದಿನ ನನಗೆ ಅಪ್ಪನ ಮೇಜು ಕಣ್ಣ ಮುಂದೆ ಬಂತು. ಪತ್ರಗಳ ಕೊನೆಯಲ್ಲಿ ಅವರೂ ಗುರುತು ಬರೆಯುತ್ತಿದ್ದರು: ಬಲಗೆನ್ನೆಯ ಮೇಲೆ ಮಚ್ಚೆ, ಎಡಗೈಯ ಹೆಬ್ಬೆರಳ ಬಳಿ ಗಾಯದ ಕಲೆ. ಕೌಂಟಿ ಕೇಂದ್ರವೆಂಬುದು ಒಂದೇ ಶಾಯಿಯಲ್ಲಿ ಎಲ್ಲವನ್ನೂ ಬರೆಯುವ ಜಾಗ. ಮದುವೆಯನ್ನೂ ಬರೆಯುತ್ತದೆ, ಮನುಷ್ಯರನ್ನು ಊರ ಹೊರಗಿಡುವ ಪಟ್ಟಿಯನ್ನೂ ಬರೆಯುತ್ತದೆ. ಅಕ್ಷರ ಎರಡರಲ್ಲೂ ಅಷ್ಟೇ ದುಂಡಗಿರುತ್ತದೆ.

ಅಂತರ್ಯುದ್ಧದ ನಂತರದ ಕಥೆಯನ್ನು ಬೇಗ ಮುಗಿಸಬಹುದು. ಉಗಿದೋಣಿಗಳು ಕಡಿಮೆಯಾದವು, ಮಾಂಸದ ಗೋದಾಮುಗಳು ಮುಚ್ಚಿದವು. ಕುದುರೆಯ ಜೀನಿನೊಳಗಿನ ಮರದ ಚೌಕಟ್ಟುಗಳನ್ನು ಮಾಡುವ ಸಣ್ಣ ಕಾರ್ಖಾನೆಗಳು ಹುಟ್ಟಿಕೊಂಡವು. ಅದರಲ್ಲಿ ಜರ್ಮನಿಯಿಂದ ಬಂದ ಶ್ರೋಡರ್ ಸಂಸಾರದ್ದು 1878ರಿಂದ 1972ರವರೆಗೆ ನಡೆಯಿತು. ಕುದುರೆಗಳು ಕಡಿಮೆಯಾದ ಮೇಲೆ ಬಟ್ಟೆ ಒಣಹಾಕುವ ಕ್ಲಿಪ್ಪು, ಕೈಗವಸು, ಹೀಗೆ ಕೈಗೆ ಬಂದದ್ದನ್ನೆಲ್ಲ ಮಾಡಿ ಅವರು ಬದುಕಿದರು. ಈಗ ಅದು ವಸ್ತುಸಂಗ್ರಹಾಲಯ. ಒಳಗೆ ಕಾಲಿಟ್ಟರೆ ಚರ್ಮದ ಬೆಲ್ಟುಗಳು ಮೇಲಿನ ದೂಲದಿಂದ ಯಂತ್ರಗಳಿಗೆ ಇಳಿಬಿದ್ದಿರುವುದೂ, ಮರದ ಹೊಟ್ಟಿನ ವಾಸನೆಯೂ, ಊಟಕ್ಕೆಂದು ಹೋದವರು ಇನ್ನೇನು ಬರುತ್ತಾರೆಂಬ ಭಾವನೆಯನ್ನು ಹುಟ್ಟಿಸುತ್ತವೆ. 1937ರ ಜನವರಿಯ ಮಹಾಪೂರದಲ್ಲಿ ಹೊಳೆ ಕೆಳಗಿನ ಬೀದಿಗಳನ್ನು ನುಂಗಿತು. 1941ರಲ್ಲಿ ಸೇನೆ ಊರಿನ ಉತ್ತರಕ್ಕೆ ಸುಮಾರು 55 ಸಾವಿರ ಎಕರೆ ನೆಲವನ್ನು ರೈತರಿಂದ ತೆಗೆದುಕೊಂಡು ಮದ್ದುಗುಂಡು ಪರೀಕ್ಷಿಸುವ ಬಯಲು ಮಾಡಿತು. 1955ರಲ್ಲಿ ಊರಿನ ಪಶ್ಚಿಮದಲ್ಲಿ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಎದ್ದಿತು, ಒಹಾಯೋ ರಾಜ್ಯದ ಯುರೇನಿಯಂ ಸಂವರ್ಧನೆಯ ಕಾರ್ಖಾನೆಗೆ ಕರೆಂಟು ಒದಗಿಸಲೆಂದು. ಅದರ ಚಿಮಣಿಗಳು ಲೇನಿಯರ್ ಮನೆಯ ಅಂಗಳದಿಂದಲೇ ಕಾಣುತ್ತವೆ. ಫೋಟೋ ತೆಗೆಯುವವರು ಅವು ಬೀಳದಂತೆ ಕ್ಯಾಮೆರಾ ತಿರುಗಿಸಿಕೊಳ್ಳುತ್ತಾರೆ.

ಜುಲೈ ತಿಂಗಳ ಮೊದಲ ವಾರ ಮಾತ್ರ ಈ ಮೌನದ ಊರು ಗುರುತೇ ಸಿಗದಂತೆ ಬದಲಾಗುತ್ತದೆ. ನೀರಿನ ಮೇಲೆ ಹಾರಿದಂತೆ ಓಡುವ ಹೈಡ್ರೋಪ್ಲೇನ್ ದೋಣಿಗಳ ಪಂದ್ಯ ಅದು, ರೆಗಾಟಾ. ಮಿಸ್ ಮ್ಯಾಡಿಸನ್ ಎಂಬ ಹೆಸರಿನ ದೋಣಿಯ ಒಡೆತನ ಬಹುಕಾಲ ಊರಿನದೇ ಆಗಿತ್ತು; ಕೋಟ್ಯಧಿಪತಿಗಳ, ಕಂಪನಿಗಳ ದೋಣಿಗಳ ನಡುವೆ ಜನರೇ ಚಂದಾ ಎತ್ತಿ ಸಾಕಿದ ದೋಣಿ. 1971ರಲ್ಲಿ ಗೋಲ್ಡ್ ಕಪ್ ಪಂದ್ಯ ಮ್ಯಾಡಿಸನ್ನಿನಲ್ಲೇ ನಡೆದು, ಜಿಮ್ ಮೆಕಾರ್ಮಿಕ್ ಚಲಾಯಿಸಿದ ಈ ಹಳೆಯ ದೋಣಿ ತನ್ನ ಜನರ ಕಣ್ಣೆದುರೇ ಗೆದ್ದಿತು. ಅದನ್ನು ದಡದಲ್ಲಿ ನಿಂತು ನೋಡಿದವರು ಇನ್ನೂ ಇದ್ದಾರೆ. ಹೊಟೇಲಿನಲ್ಲಿ ಪಕ್ಕದ ಮೇಜಿನ ಅಜ್ಜನೊಬ್ಬ ಅದನ್ನು ನನಗೆ ಹೇಳಲು ತೊಡಗಿ, ಆತನ ಕಾಫಿ ಆರಿಹೋಯಿತು, ನನ್ನದೂ.

ಇಷ್ಟೆಲ್ಲ ಬಂದುಹೋದ ಮೇಲೂ ಕದಲದೆ ನಿಂತದ್ದು ನ್ಯಾಯಾಲಯ. 1855ರ ಕಟ್ಟಡ, ಮುಂದೆ ಕಂಬಗಳು, ಮೇಲೆ ಗಡಿಯಾರದ ಗೋಪುರ, ಪಕ್ಕದಲ್ಲಿ ಇನ್ನೂ ಹಳೆಯದಾದ ಜೈಲು. ಮಾಂಸದ ವ್ಯಾಪಾರಿಗಳು ಸಿನ್ಸಿನಾಟಿಗೆ ಹೋಗಬಹುದು, ಬ್ಯಾಂಕಿನವರು ನ್ಯೂಯಾರ್ಕಿಗೆ ಹೋಗಬಹುದು, ಅಂಗಡಿಗಳೂ ಆಸ್ಪತ್ರೆಯೂ ಗುಡ್ಡ ಹತ್ತಿ ಮೇಲಿನ ಬಯಲಿಗೆ ಹೋಗಬಹುದು. ಆದರೆ ಜೆಫರ್ಸನ್ ಕೌಂಟಿಯ ಸುಮಾರು 33 ಸಾವಿರ ಜನರಲ್ಲಿ ಯಾರು ಮನೆ ಮಾರಿದರೂ, ಯಾರ ಮೇಲೆ ಮೊಕದ್ದಮೆ ಬಿದ್ದರೂ, ಯಾರು ಮದುವೆಯಾದರೂ ಅದರ ಕಾಗದ ಈ ಚೌಕಕ್ಕೆ ಬರಲೇಬೇಕು. ಕಾಗದ ಬಂದಲ್ಲಿ ವಕೀಲರು, ವಕೀಲರಿದ್ದಲ್ಲಿ ಮಧ್ಯಾಹ್ನದ ಊಟದ ಹೊಟೇಲು, ಹೊಟೇಲಿದ್ದಲ್ಲಿ ಊರು. ಸುತ್ತಲಿನ ಎಷ್ಟೋ ಹೊಳೆದಂಡೆಯ ಊರುಗಳು ದೋಣಿ ನಿಂತ ಮೇಲೆ ನಾಲ್ಕು ಮನೆಗಳಾಗಿ ಉಳಿದಾಗಲೂ ಮ್ಯಾಡಿಸನ್ ಊರಾಗಿಯೇ ಉಳಿದದ್ದಕ್ಕೆ ಸೌಂದರ್ಯಕ್ಕಿಂತ ಇದೇ ಮುಖ್ಯ ಕಾರಣವೆಂದು ನಾನು ನಂಬಿದ್ದೇನೆ. ಪ್ರವಾಸಿ ಕೈಪಿಡಿಗಳು ಇದನ್ನು ಹೇಳುವುದಿಲ್ಲ. ಕಾಗದದ ಕೆಲಸದಲ್ಲಿ ನೋಡಲು ಏನಿದೆ?

2009ರ ಮೇ 20ರಂದು, ಊರಿನ ಇನ್ನೂರು ವರ್ಷದ ಉತ್ಸವಕ್ಕೆ ಇನ್ನೇನು ಕೆಲವು ದಿನಗಳಿರುವಾಗ, ಇದೇ ಕಟ್ಟಡದ ಮಾಡಿನ ಅಂಚಿನಲ್ಲಿ ದುರಸ್ತಿಗೆಂದು ಬೆಸುಗೆ ಹಾಕುತ್ತಿದ್ದಾಗ ಕಿಡಿ ಹತ್ತಿ ಮಾಡು, ಗೋಪುರ ಎರಡೂ ಉರಿದುಹೋದವು. ಕೆಡವಿ ಗುಡ್ಡದ ಮೇಲೆ ಹೊಸ ಕಚೇರಿ ಕಟ್ಟುವುದು ಸುಲಭವಿತ್ತು. ಹಾಗೆ ಮಾಡಲಿಲ್ಲ. ಹಳೆಯ ಗೋಡೆಗಳ ಮೇಲೆಯೇ ಮತ್ತೆ ಗೋಪುರ ಎತ್ತಿ 2011ರಲ್ಲಿ ಬಾಗಿಲು ತೆರೆದರು. ಮನೆಗಳು ಬಡತನದಿಂದ ಉಳಿದವು ಎಂದು ಮೇಲೆ ಬರೆದೆನಲ್ಲ, ಈ ಕಟ್ಟಡದ ವಿಷಯದಲ್ಲಿ ಆ ಮಾತು ನಿಲ್ಲುವುದಿಲ್ಲ. ಮೂರು ವರ್ಷದ ನಂತರ, 2014ರ ಏಪ್ರಿಲಿನಲ್ಲಿ, ಕೆಂಟಕಿಯ ಮಿಲ್ಟನ್ ಊರಿಗೆ ಹೋಗುವ 1929ರ ಸೇತುವೆಯ ಜಾಗದಲ್ಲಿಯೂ ಇಂಥದ್ದೇ ಒಂದು ಕೆಲಸ ನಡೆಯಿತು. ಪಕ್ಕದಲ್ಲಿ ತಾತ್ಕಾಲಿಕ ಕಂಬಗಳ ಮೇಲೆ ಕಟ್ಟಿದ್ದ ಸುಮಾರು 2,400 ಅಡಿ ಉದ್ದದ ಉಕ್ಕಿನ ಹೊಸ ಸೇತುವೆಯನ್ನು ಇಡಿಯಾಗಿ 55 ಅಡಿ ಪಕ್ಕಕ್ಕೆ ಜಾರಿಸಿ ಹಳೆಯ ಕಂಬಗಳ ಮೇಲೆ ಕೂರಿಸಿದರು.

ಅಮ್ಮನನ್ನು ಕರೆದುಕೊಂಡು ಹೋದ ದಿನ ನ್ಯಾಯಾಲಯದ ಒಳಗೂ ಹೋದೆವು. ಅವರು ಬಾಗಿಲಿಂದ ಬಾಗಿಲಿಗೆ ಇಣುಕಿ, ಹೊರಬಂದು ಮೆಟ್ಟಿಲ ಮೇಲೆ ನಿಂತು ಎಡಕ್ಕೂ ಬಲಕ್ಕೂ ನೋಡಿ, "ಬರೆಯೋರು ಎಲ್ಲಿ ಕೂರ್ತಾರೆ?" ಎಂದು ಕೇಳಿದರು. ಎದುರು ಬೀದಿಯ ವಕೀಲರ ಫಲಕಗಳನ್ನು ತೋರಿಸಿದೆ. ಅಮ್ಮನಿಗೆ ಅದು ಒಪ್ಪಿಗೆಯಾದಂತೆ ಕಾಣಲಿಲ್ಲ. ಆಮೇಲೆ ಹೊಳೆಯ ದಂಡೆಗೆ ಬಂದು ಬೆಂಚಿನ ಮೇಲೆ ಕುಳಿತೆವು. ಕಲ್ಲಿದ್ದಲು ತುಂಬಿದ ದೋಣಿಗಳ ಸಾಲನ್ನು ತಳ್ಳಿಕೊಂಡು ಒಂದು ಹಡಗು ನಿಧಾನವಾಗಿ ಕೆಳಗೆ ಹೋಗುತ್ತಿತ್ತು.

ಈ ಹೊಳೆ ಈ ಊರಿನದಲ್ಲ, ಕೆಂಟಕಿಯದು ಎಂದು ನಾನು ಅಮ್ಮನಿಗೆ ಹೇಳಿದೆ. 1784ರಲ್ಲಿ ವರ್ಜೀನಿಯಾ ಹೊಳೆಯ ವಾಯವ್ಯದ ನೆಲವನ್ನು ಬಿಟ್ಟುಕೊಟ್ಟಾಗ ಹೊಳೆಯನ್ನು ಮಾತ್ರ ತನ್ನಲ್ಲೇ ಇರಿಸಿಕೊಂಡಿತು, ಮುಂದೆ ಅದು ವರ್ಜೀನಿಯಾದಿಂದ ಬೇರ್ಪಟ್ಟ ಕೆಂಟಕಿಯ ಪಾಲಿಗೆ ಬಂತು. ಗಡಿ ಎಲ್ಲಿ ಎಂಬ ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಗಿ, ಕೆಂಟಕಿ ರಾಜ್ಯವಾದ 1792ರಲ್ಲಿ ಉತ್ತರದ ದಡದಲ್ಲಿ ಬೇಸಗೆಯ ನೀರು ಎಲ್ಲಿಗೆ ಇಳಿಯುತ್ತಿತ್ತೋ ಅದೇ ಗಡಿಯೆಂದು 1980ರಲ್ಲಿ ತೀರ್ಪಾಯಿತು. ಈಗ ಅಣೆಕಟ್ಟುಗಳಿಂದ ನೀರು ಏರಿರುವುದರಿಂದ ಆ ಗೆರೆ ಎಲ್ಲೋ ನೀರಿನಡಿಯಲ್ಲಿದೆ.

ಅಮ್ಮ ಸ್ವಲ್ಪ ಹೊತ್ತು ಹೊಳೆಯನ್ನೇ ನೋಡುತ್ತಾ ಕುಳಿತರು. ನಲವತ್ತು ವರ್ಷ ಪತ್ರಬರಹಗಾರರೊಂದಿಗೆ ಸಂಸಾರ ಮಾಡಿದವರು ಅವರು.

"ಅವತ್ತು ನೀರು ಎಲ್ಲಿತ್ತು ಅಂತ ಸಾಕ್ಷಿ ಹಾಕಿದ್ದು ಯಾರೇ?"